ಕಣ್ಣಾಡಿಸುವ ವಿದ್ಯೆ

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಮೊನ್ನೆ ಇಂಗ್ಲಿಷ್ ಪರೀಕ್ಷೆಗೆ ಅಭ್ಯಾಸ ಮಾಡುತ್ತ ಕುಳಿತಿದ್ದಳು. ಎದುರಿಗೆ ಒಂದು ಪುಟದ ಗದ್ಯ, ಅದರ ಕೆಳಗೆ ಐದು ಪ್ರಶ್ನೆ. ಹುಡುಗಿ ಗದ್ಯದ ಕಡೆ ನೋಡಲೇ ಇಲ್ಲ. ನೇರವಾಗಿ ಪ್ರಶ್ನೆಗೆ ಹೋದಳು. ಒಂದೊಂದು ಪ್ರಶ್ನೆಯಿಂದ ಒಂದೊಂದು ಮಾತನ್ನು ಹಿಡಿದುಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಗದ್ಯದ ಮೇಲೆ ಬೆರಳು ಓಡಿಸಿದಳು. ಹತ್ತು ನಿಮಿಷ ಕಳೆಯುವುದರೊಳಗೆ ಐದು ಉತ್ತರವೂ ಮುಗಿಯಿತು. ನೋಡಿದೆ, ಐದೂ ಸರಿಯಾಗಿದ್ದುವು.

"ಕಥೆ ಚೆನ್ನಾಗಿತ್ತೇನಮ್ಮ?" ಎಂದೆ.

"ಕಥೆ ಓದಲಿಲ್ಲ ತಾತ. ಮಿಸ್ಸು ಹೇಳಿದಾರೆ, ಪೂರ್ತಿ ಓದ್ತಾ ಕೂತ್ರೆ ಟೈಮ್ ಸಾಲೋಲ್ಲ, ಮೊದಲು ಸ್ಕಿಮ್ ಮಾಡಬೇಕು, ಆಮೇಲೆ ಸ್ಕ್ಯಾನ್ ಮಾಡಬೇಕು ಅಂತ."

ಓದು ಎಂದರೆ ಮೊದಲ ಅಕ್ಷರದಿಂದ ಕೊನೆಯ ಮಂಗಳದವರೆಗೆ ಬಾಯಿಬಿಟ್ಟು ಓದುವುದು ಎಂದು ತಿಳಿದು ಬೆಳೆದ ನನಗೆ ಇದು ಸಿಟ್ಟು ತರಿಸಿದ್ದು ಸಹಜವೇ. ಆದರೆ ಸಿಟ್ಟು ಇಳಿದ ಮೇಲೆ ನನ್ನ ನಡತೆಯೂ ನೆನಪಿಗೆ ಬಂತು. ಬೆಳಗಿನ ಪತ್ರಿಕೆಯನ್ನು ನಾನು ಮೊದಲಿಂದ ಕೊನೆಯವರೆಗೆ ಓದುತ್ತೇನೆಯೆ? ತಲೆಬರಹಗಳ ಮೇಲೆ ಕಣ್ಣು ಹಾಯಿಸುತ್ತೇನೆ. ನಿಧನವಾರ್ತೆಯಲ್ಲಿ ಪರಿಚಿತರ ಹೆಸರಿದೆಯೆ ಎಂದು ಹುಡುಕುತ್ತೇನೆ. ಉಳಿದದ್ದು ಕಾಫಿಯ ಜೊತೆಗೆ. ಮೊದಲನೆಯದು ಸ್ಕಿಮ್ಮಿಂಗು, ಎರಡನೆಯದು ಸ್ಕ್ಯಾನಿಂಗು. ಹೆಸರು ಗೊತ್ತಿರಲಿಲ್ಲ, ಅಷ್ಟೆ. ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದೂ ಅಲ್ಲ: ಕಣ್ಣಾಡಿಸು, ಕಣ್ಣು ಹಾಯಿಸು, ತಿರುವಿಹಾಕು ಎಂಬ ನುಡಿಗಳು ನಮ್ಮಲ್ಲಿ ಧಾರಾಳವಾಗಿವೆ. ಇಂಗ್ಲಿಷಿನ ಎರಡು ಮಾತುಗಳಿಗಾದರೋ ಒಂದು ವಿನೋದದ ಚರಿತ್ರೆಯಿದೆ. ಸ್ಕಿಮ್ ಎಂದರೆ ಹಾಲಿನ ಮೇಲಿನ ಕೆನೆ ತೆಗೆಯುವುದು. ಸ್ಕ್ಯಾನ್ ಎಂಬುದು ಮೊದಲು ಛಂದಶ್ಶಾಸ್ತ್ರದ ಮಾತು. ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ಎಣಿಸುವುದೆಂದು ಅದರ ಅರ್ಥ. ಒಂದೊಂದು ಮಾತ್ರೆಯನ್ನೂ ಬಿಡದೆ ನೋಡುವುದಕ್ಕೆ ಇದ್ದ ಮಾತು ಕಾಲಕ್ರಮದಲ್ಲಿ ಬೇಡದ್ದನ್ನೆಲ್ಲ ಬಿಟ್ಟು ನೋಡುವುದಕ್ಕೆ ಸಂದಿತು.

ಹಾಗಾದರೆ ಮನುಷ್ಯನ ಕಣ್ಣು ಪುಟದ ಮೇಲೆ ಹೀಗೆ ಓಡಲು ಕಲಿತದ್ದು ಯಾವಾಗ?

ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಅಕ್ಷರದ ಬೆನ್ನಿಗೆ ಅಕ್ಷರ, ಇರುವೆಯ ಸಾಲಿನಂತೆ. ಅಂಥ ಸಾಲಿನಲ್ಲಿ ಒಂದು ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗಿತು ಎಂಬುದನ್ನು ಕಣ್ಣು ಒಂದೇ ನಿರ್ಧರಿಸಲಾರದು. ನಾಲಗೆ ಕಿವಿಗಳ ಸಹಾಯ ಬೇಕು. ಸಂತ ಆಗಸ್ಟೀನನು ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ತನ್ನ ಆತ್ಮನಿವೇದನೆಯಲ್ಲಿ, ಮಿಲಾನಿನ ಬಿಷಪ್ ಆ್ಯಂಬ್ರೋಸನು ಓದುವಾಗ ಅವನ ಕಣ್ಣು ಮಾತ್ರ ಚಲಿಸುತ್ತಿತ್ತು, ದನಿ ಹೊರಡುತ್ತಿರಲಿಲ್ಲ ಎಂದು ವಿಶೇಷವಾಗಿ ಹೇಳಿದ್ದಾನೆ. ಹಾಗೇಕೆ ಓದುತ್ತಾನೆ ಎಂದು ಕಾರಣಗಳನ್ನೂ ಊಹಿಸಿದ್ದಾನೆ: ಕಂಠವನ್ನು ಉಳಿಸಿಕೊಳ್ಳುವುದಕ್ಕಿರಬಹುದು, ಇಲ್ಲವೆ ಕೇಳಿದವರು ಕಠಿನವಾದ ಭಾಗಕ್ಕೆ ಅರ್ಥ ಹೇಳೆಂದು ಗಂಟುಬಿದ್ದಾರೆಂಬ ಭಯವಿರಬಹುದು! ಮೌನವಾಗಿ ಓದುವವರು ಆ ಕಾಲದಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಹಿಂದಿನವರು ಇದರಿಂದ ತೀರ್ಮಾನಿಸಿದ್ದುಂಟು. ಅದು ಅತಿಯಾಯಿತು ಎಂದು ಈಚಿನ ವಿದ್ವಾಂಸರ ಮತ. ಅಂತೂ ಅದು ಗಮನಿಸಿ ಬರೆದಿಡತಕ್ಕ ಸಂಗತಿಯಾಗಿತ್ತು.

ತೆರಪು ಬಂದದ್ದು ಎಲ್ಲಿಂದ? ರೋಮಿನಿಂದಲ್ಲ, ದೂರದ ಐರ್ಲೆಂಡಿನಿಂದ. ಅಲ್ಲಿಯ ಸಂನ್ಯಾಸಿಗಳಿಗೆ ಲ್ಯಾಟಿನ್ ಮನೆಯ ಮಾತಲ್ಲ, ಕಷ್ಟಪಟ್ಟು ಕಲಿತ ಪರಭಾಷೆ. ಕೇಳಿದೊಡನೆ ಪದ ಬಿಡಿಸಿಕೊಳ್ಳುವ ಕಿವಿ ಅವರಿಗೆ ಇರಲಿಲ್ಲ. ಆದ್ದರಿಂದ ಏಳನೆಯ ಶತಮಾನದಿಂದ ಮುಂದಕ್ಕೆ ಅವರು ಪ್ರತಿ ಮಾಡುವಾಗ ಪದ ಪದವನ್ನು ಬಿಡಿಸಿ ಬರೆಯತೊಡಗಿದರು. ಆ ಪದ್ಧತಿ ಯುರೋಪಿನ ಒಳನಾಡಿಗೆ ಹರಡುವ ಹೊತ್ತಿಗೆ ಹತ್ತು ಹನ್ನೊಂದನೆಯ ಶತಮಾನವಾಯಿತು. ಇಂದು ನಾವು ಪುಟದ ಮೇಲೆ ಕಣ್ಣಾಡಿಸುವುದು ಆ ಪರಭಾಷೆಯ ವಿದ್ಯಾರ್ಥಿಗಳು ಹಾಕಿಕೊಟ್ಟ ಕಾಲುದಾರಿಯಲ್ಲಿ.

ನಮ್ಮ ಓಲೆಗರಿಗಳ ಸ್ಥಿತಿಯೂ ಇದೇ. ಕಬ್ಬಿಣದ ಕಂಠದಿಂದ ಕೊರೆದು, ಮಸಿ ತೀಡಿದ ಸಾಲು ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮನೆ ಹರಿಯುತ್ತದೆ. ದಾರ ಪೋಣಿಸುವ ತೂತಿನ ಬಳಿ ಬಿಟ್ಟ ಜಾಗವೇ ಅದರಲ್ಲಿ ಕಾಣುವ ತೆರಪು. ಮೇಲಾಗಿ ನಮ್ಮದು ಸಂಧಿಯ ಭಾಷೆ. "ಅವನಕ್ಕ" ಎಂದು ಬರೆದಿದ್ದರೆ ಅವ ನಕ್ಕನೋ ಅಥವಾ ಅವಳು ಅವನ ಅಕ್ಕನೋ ಎಂದು ಹೇಳಬೇಕಾದರೆ ಹಿಂದು ಮುಂದಿನದನ್ನು ಓದಲೇಬೇಕು. ಇಂಥ ಗ್ರಂಥದ ಮೇಲೆ ಕಣ್ಣಾಡಿಸುವುದು ಕೆಸರಿನ ಗದ್ದೆಯಲ್ಲಿ ಓಟ ಕಿತ್ತ ಹಾಗೆ.

ಹಾಗೆಂದು ನಮ್ಮ ಹಿರಿಯರು ಓದುಗನಿಗೆ ಏನೂ ಅನುಕೂಲ ಮಾಡಿಕೊಡಲಿಲ್ಲವೆಂದಲ್ಲ. ಗರಿಯ ಅಂಚಿನಲ್ಲಿ ಅಂಕೆಯಿರುತ್ತಿತ್ತು. ಸಂಧಿ ಮುಗಿದಾಗ ಮುಗಿಯಿತೆಂಬ ವಾಕ್ಯವಿರುತ್ತಿತ್ತು. ಎಲ್ಲಕ್ಕಿಂತ ಮೇಲಾಗಿ ಕುಮಾರವ್ಯಾಸ, ಲಕ್ಷ್ಮೀಶ ಮೊದಲಾದ ಷಟ್ಪದಿಯ ಕವಿಗಳು ಪ್ರತಿಯೊಂದು ಸಂಧಿಯ ತಲೆಯ ಮೇಲೆ 'ಸೂಚನೆ' ಎಂಬ ಒಂದು ಸಣ್ಣ ಪದ್ಯವನ್ನಿಟ್ಟರು. ಮುಂದಿನ ಸಂಧಿಯ ಕಥೆಯೆಲ್ಲ ಅದರಲ್ಲಿ ಒಂದು ಹಿಡಿಯಷ್ಟಾಗಿ ಅಡಗಿರುತ್ತದೆ. ಕಾವ್ಯ ಓದುವವರಲ್ಲಿ ಎಷ್ಟೋ ಜನ ಇದನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಕಥೆಯನ್ನು ಮೊದಲೇ ಹೇಳಿಬಿಟ್ಟರೆ ರಸಭಂಗವಲ್ಲವೆ ಎಂದು ಕೇಳುವವರೂ ಇದ್ದಾರೆ. ನನಗೇನೋ ಅದು ಬಹಳ ಜಾಣತನದ ಏರ್ಪಾಡು ಎನಿಸುತ್ತದೆ. ಕಥೆ ಯಾವ ದಿಕ್ಕಿಗೆ ಸಾಗುತ್ತದೆಂದು ಗೊತ್ತಿದ್ದವನು ಪ್ರತಿ ಪದ್ಯದಲ್ಲಿಯೂ ನಿಂತು ಸವಿಯಬಲ್ಲ. ಗೊತ್ತಿಲ್ಲದವನು ಮುಂದೇನು ಮುಂದೇನೆಂದು ಓಡುತ್ತಾನೆ. ಇಂದಿನ ಉಪಾಧ್ಯಾಯರು ಪಾಠಕ್ಕೆ ಮುಂಚೆ ಅದರ ಸಾರದ ಮೇಲೆ ಕಣ್ಣಾಡಿಸಿರಿ ಎಂದು ಮಕ್ಕಳಿಗೆ ಹೇಳುತ್ತಾರಷ್ಟೆ. ಅದನ್ನು ಕವಿಯೇ ಮಾಡಿಟ್ಟಿದ್ದ.

ಇನ್ನೂ ಹಿಂದಕ್ಕೆ ಹೋದರೆ ಕಾತ್ಯಾಯನನ ಸರ್ವಾನುಕ್ರಮಣಿಯಿದೆ. ಋಗ್ವೇದದ ೧೦೨೮ ಸೂಕ್ತಗಳಲ್ಲಿ ಒಂದೊಂದರ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು — ಇವಿಷ್ಟನ್ನೂ ಪಟ್ಟಿಮಾಡಿದ ಗ್ರಂಥ ಅದು. ಆದರೆ ಇಂದಿನ ಸೂಚಿಗೂ ಇದಕ್ಕೂ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಅನುಕ್ರಮಣಿಯ ಮೊದಲ ಪದವನ್ನು ಕೇಳಿದ ವೇದಪಾಠಿ ಪುಟ ತಿರುವುವುದಿಲ್ಲ. ಅವನ ನಾಲಗೆಯ ಮೇಲೆ ಸೂಕ್ತವೇ ಎದ್ದು ಬರುತ್ತದೆ. ಅಮರಕೋಶವೂ ಹಾಗೆಯೇ. ಅದು ಅಕಾರಾದಿಯಾಗಿಲ್ಲ, ಸ್ವರ್ಗ, ಭೂಮಿ, ಪುರ, ವನ ಎಂದು ವರ್ಗ ವರ್ಗವಾಗಿದೆ. ಬಾಯಿಪಾಠ ಮಾಡಿದವನಿಗೆ ಕೇಳಿದ ಕೂಡಲೆ ಸಿಕ್ಕುತ್ತದೆ, ಮಾಡದವನಿಗೆ ದಿನವೆಲ್ಲ ಹುಡುಕಿದರೂ ಸಿಕ್ಕದು. ಹುಡುಕುವ ವಿದ್ಯೆ ನಮ್ಮಲ್ಲಿ ಇತ್ತು. ಆದರೆ ಹುಡುಕುವ ಜಾಗ ಪುಸ್ತಕದಲ್ಲಿರದೆ ತಲೆಯೊಳಗೆ ಇತ್ತು.

ಅದನ್ನು ತಲೆಯಿಂದ ಇಳಿಸಿ ಪುಟದ ಮೇಲಿಟ್ಟವರು ಹದಿಮೂರನೆಯ ಶತಮಾನದ ಪ್ಯಾರಿಸಿನ ಪಾದ್ರಿಗಳು. ಆಗ ಡೊಮಿನಿಕನ್ ಪಂಥದವರು ಊರೂರು ತಿರುಗಿ ಉಪದೇಶ ಮಾಡುತ್ತಿದ್ದರು. ನಾಳೆಯ ಉಪದೇಶಕ್ಕೆ 'ಕರುಣೆ' ಎಂಬ ಮಾತು ಬೈಬಲಿನಲ್ಲಿ ಎಲ್ಲೆಲ್ಲಿ ಬರುತ್ತದೆಂದು ಇಂದೇ ತಿಳಿಯಬೇಕು. ಇಡೀ ಬೈಬಲನ್ನು ಓದಿ ಮುಗಿಸಲು ವ್ಯವಧಾನವಿಲ್ಲ. ೧೨೨೮ರಲ್ಲಿ ತೀರಿಕೊಂಡ ಸ್ಟೀಫನ್ ಲ್ಯಾಂಗ್ಟನನು ಬೈಬಲನ್ನು ಅಧ್ಯಾಯಗಳಾಗಿ ವಿಭಾಗಿಸಿದ್ದ ಕ್ರಮ ಅಷ್ಟು ಹೊತ್ತಿಗೆ ಬಳಕೆಗೆ ಬರುತ್ತಿತ್ತು. ಸೇಂಟ್ ಷೇರಿನ ಹ್ಯೂ ಎಂಬಾತನ ನೇತೃತ್ವದಲ್ಲಿ ಸಂನ್ಯಾಸಿಗಳ ಗುಂಪೊಂದು ಕುಳಿತು, ಒಂದೊಂದು ಅಧ್ಯಾಯವನ್ನೂ ಏಳು ಭಾಗವೆಂದು ಭಾವಿಸಿಕೊಂಡು, ಅವಕ್ಕೆ ಲ್ಯಾಟಿನ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳನ್ನು ಕೊಟ್ಟು, ಬೈಬಲಿನ ಪದಗಳನ್ನೆಲ್ಲ ಅಕಾರಾದಿಯಾಗಿ ಪಟ್ಟಿ ಮಾಡಿತು. ೧೨೩೯ರ ಸುಮಾರಿಗೆ ಆ ಪದಸೂಚಿ ಸಿದ್ಧವಾಯಿತು. ಐನೂರು ಜನ ಸಂನ್ಯಾಸಿಗಳು ದುಡಿದರೆಂದು ಪ್ರತೀತಿ. ಸಂಖ್ಯೆ ಹೇಗಾದರೂ ಇರಲಿ. ಒಬ್ಬ ಉಪದೇಶಕ ಒಂದು ನಿಮಿಷದಲ್ಲಿ ಹುಡುಕಿಕೊಳ್ಳಬೇಕಾದರೆ ಅಷ್ಟು ಜನ ಅಕ್ಷರ ಅಕ್ಷರವನ್ನೂ ಬಿಡದೆ ಓದಬೇಕಾಯಿತೆಂಬುದನ್ನು ನಾವು ಮರೆಯುತ್ತೇವೆ.

ವಾಕ್ಯಗಳಿಗೆ ಸಂಖ್ಯೆ ಬಂದದ್ದು ಇನ್ನೂ ತಡವಾಗಿ. ಫ್ರಾನ್ಸಿನ ಮುದ್ರಕ ರಾಬರ್ಟ್ ಎತಿಯೆನ್ ೧೫೫೧ರಲ್ಲಿ ಅಚ್ಚುಮಾಡಿದ ಹೊಸ ಒಡಂಬಡಿಕೆಯಲ್ಲಿ ಅವನ್ನು ಹಾಕಿದ. ಪ್ಯಾರಿಸಿಗೂ ಲಿಯೋನಿಗೂ ನಡುವಣ ಕುದುರೆ ಪ್ರಯಾಣದಲ್ಲಿ ಈ ಕೆಲಸ ನಡೆಯಿತೆಂದು ಅವನ ಮಗ ಹೇಳಿದ್ದಾನೆ. ಕೆಲವು ಸಂಖ್ಯೆಗಳು ಅಸಂಗತವಾದ ಕಡೆ ಬಿದ್ದಿರುವುದಕ್ಕೆ ಕುದುರೆ ಎಡವಿದ್ದೇ ಕಾರಣವೆಂದು ಕುಚೋದ್ಯಗಾರರು ಸೇರಿಸಿದರು.

ಅಚ್ಚಿನ ಕಾಲದಲ್ಲಿ ಸಂಗತಿಗಳು ಬೇಗ ಬೇಗ ನಡೆದುವು. ೧೪೭೦ರಲ್ಲಿ ಕೊಲೋನ್ ನಗರದಲ್ಲಿ ಆರ್ನಾಲ್ಡ್ ಥೆರ್‌ಹೋರ್ನೆನ್ ಎಂಬ ಮುದ್ರಕನು ಹಾಳೆಗಳಿಗೆ ಅಂಕೆಯನ್ನು ಅಚ್ಚುಹಾಕಿದ. ಎಲ್ಲ ಪ್ರತಿಗಳಲ್ಲಿಯೂ ಒಂದು ವಿಷಯ ಒಂದೇ ಪುಟದಲ್ಲಿರುವ ಸೌಕರ್ಯ ಕೈಬರಹದ ಕಾಲದಲ್ಲಿ ಕನಸಿನಲ್ಲಿಯೂ ಇರಲಿಲ್ಲ. ಜ್ಯೂರಿಕ್ ನಗರದ ವೈದ್ಯ ಕೊನ್ರಾಡ್ ಗೆಸ್ನರ್ ೧೫೪೮ರಲ್ಲಿ ಸೂಚಿ ತಯಾರಿಸುವ ವಿಧಾನವನ್ನೇ ವಿವರಿಸಿದ: ವಿಷಯಗಳನ್ನು ಕಾಗದದ ಒಂದು ಮಗ್ಗುಲಲ್ಲಿ ಬರೆ; ಕತ್ತರಿಯಿಂದ ಚೀಟಿಗಳಾಗಿ ಕತ್ತರಿಸು; ವಿಂಗಡಿಸು; ಅಂಟಿಸು. ಪುಸ್ತಕಗಳು ಮಿತಿಮೀರಿ ಹೆಚ್ಚಿ ಓದುವವನು ದಿಕ್ಕುಗೆಡುವಂತಾಗಿದೆ ಎಂದು ಕೊರಗಿದವನೂ ಈತನೇ. ನಮ್ಮ ಕಾಲದ್ದೇ ಹೊಸ ರೋಗವೆಂದು ನಾವು ತಿಳಿದದ್ದಕ್ಕೆ ನಾಲ್ಕೂ ಮುಕ್ಕಾಲು ಶತಮಾನದ ವಯಸ್ಸಾಗಿದೆ.

ಸೂಚಿ ಬಂದೊಡನೆ ಅದರ ದೂರೂ ಬಂತು. ಪುಸ್ತಕವನ್ನು ಓದದೆ ಅದರ ಕೊನೆಯ ಪಟ್ಟಿಯನ್ನಷ್ಟೇ ನೋಡಿ ವಿದ್ವಾಂಸರೆನಿಸಿಕೊಳ್ಳುವವರನ್ನು ಜೊನಾಥನ್ ಸ್ವಿಫ್ಟ್ ೧೭೦೪ರ ತನ್ನ ವಿಡಂಬನೆಯಲ್ಲಿ ಚೆನ್ನಾಗಿ ಥಳಿಸಿದ. ಡಾಕ್ಟರ್ ಜಾನ್ಸನ್ನನದು ಇನ್ನೊಂದು ಬಗೆ. ಪುಸ್ತಕವನ್ನು ಪೂರ್ತಿ ಓದದೆಯೇ ಅದರ ಸತ್ವವನ್ನು ಹಿಡಿದುಬಿಡುವ ಶಕ್ತಿ ಅವನಿಗಿತ್ತೆಂದು ಬಾಸ್‌ವೆಲ್ ಬರೆದಿದ್ದಾನೆ. ಹೊಸ ಪುಸ್ತಕವೊಂದನ್ನು ಓದಿ ಮುಗಿಸಿದಿರಾ ಎಂದವರಿಗೆ, ತಾವು ಪುಸ್ತಕಗಳನ್ನು ಓದಿ ಮುಗಿಸುತ್ತೀರೋ ಎಂದು ತಿರುಗಿ ಕೇಳಿದನಂತೆ. ಆದರೆ ಈ ಮಹಾನುಭಾವ ೧೭೫೫ರ ತನ್ನ ನಿಘಂಟಿಗಾಗಿ ನೂರಾರು ಗ್ರಂಥಗಳ ಮೇಲೆ ಗೆರೆ ಎಳೆಯುತ್ತ ವರ್ಷಗಟ್ಟಲೆ ಕುಳಿತವನು. ಅಷ್ಟು ಓದಿದವನು ಕೆನೆ ತೆಗೆದರೆ ಕೆನೆ ಬರುತ್ತದೆ. ಹಾಲನ್ನೇ ಕಾಣದವನು ತೆಗೆದರೆ ಏನು ಬಂದೀತು?

ನಮ್ಮ ಭಾಷೆಯಲ್ಲಿ ಹುಡುಕುವ ವಿದ್ಯೆಗೆ ದೊಡ್ಡ ಬಾಗಿಲು ತೆರೆದದ್ದು ೧೮೯೪ರಲ್ಲಿ, ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನಿಂದ. ಸುಮಾರು ೭೦,೦೦೦ ಪದಗಳು ಅಕಾರಾದಿಯಾಗಿ ಅಲ್ಲಿವೆ. ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ: ಆ ನಿಘಂಟಿನಲ್ಲಿ ಒಂದು ಪದವನ್ನು ತೆಗೆಯಿರೆಂದು ಇಂದಿನ ಮಕ್ಕಳಿಗೆ ಕೊಟ್ಟು ನೋಡಿ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರವನ್ನು ಹಾಡಾಗಿ ಒಪ್ಪಿಸುವ ಮಗು, ಧಕಾರ ಮೊದಲೋ ಪಕಾರ ಮೊದಲೋ ಎಂದು ತಡವರಿಸುತ್ತದೆ. ಕಾಗುಣಿತವನ್ನು ಬಾಯಿಪಾಠ ಮಾಡಿಸುವುದು ಹಳೆಯ ಕಾಲದ ಹಿಂಸೆಯೆಂದು ಕೈಬಿಟ್ಟವರು, ಬೀಗದ ಕೈಯನ್ನೂ ಅದರೊಡನೆ ಕೈಬಿಟ್ಟರು.

ಓದುವಾಗ ಕಣ್ಣು ನಿಜವಾಗಿ ಏನು ಮಾಡುತ್ತದೆಂದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಝವಾಲ್ ೧೮೭೯ರ ವೇಳೆಗೆ, ಓದುವವನ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಮಿಡತೆಯಂತೆ ನೆಗೆದು ನೆಗೆದು ಹೋಗುತ್ತದೆಂದು ತೋರಿಸಿದ. ಒಂದೊಂದು ನೆಗೆತದ ನಡುವೆ ಸುಮಾರು ಕಾಲು ಸೆಕೆಂಡು ನಿಲುಗಡೆ. ಓದು ನಡೆಯುವುದು ಆ ನಿಲುಗಡೆಯಲ್ಲಿ. ನಿಂತಾಗಲೂ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರ, ಸುತ್ತಲಿನದೆಲ್ಲ ಮಸಕು. ಲೋಕದ ಕಣ್ಣು ಓದುವ ರೀತಿಯನ್ನು ಕಂಡುಕೊಟ್ಟ ಈ ವೈದ್ಯ ಕಣ್ಣಿನೊತ್ತಡದ ರೋಗದಿಂದ ತಾನೇ ಕುರುಡನಾದ. ಆಮೇಲೆ ಅಂಧರ ಜೀವನದ ಮೇಲೆ ಪುಸ್ತಕ ಬರೆದ. ಅಮೆರಿಕದ ಎಡ್ಮಂಡ್ ಹ್ಯೂಯಿ ಎಂಬಾತ ಓದುವವನ ಕಣ್ಣಿನ ಮೇಲೆ ಸುಣ್ಣಗಾರೆಯ ಪುಟ್ಟ ಬಟ್ಟಲನ್ನು ಕೂಡಿಸಿ, ಅದಕ್ಕೆ ಅಲ್ಯೂಮಿನಿಯಂ ಕಡ್ಡಿ ಕಟ್ಟಿ, ಈ ನೆಗೆತಗಳನ್ನು ಕಾಗದದ ಮೇಲೆ ಬರೆಸಿದ. ಓದಿನ ಮನಶ್ಶಾಸ್ತ್ರದ ಮೇಲಿನ ಅವನ ಗ್ರಂಥ ೧೯೦೮ರಲ್ಲಿ ಹೊರಬಂತು. ಕಣ್ಣು ಕೊಟ್ಟ ಪುಣ್ಯಾತ್ಮರ ತಾಳ್ಮೆ ದೊಡ್ಡದು.

ಇನ್ನು ಶಾಲೆಯ ವಿಷಯ. ಇದರಲ್ಲಿ ಭಾರತಕ್ಕೂ ಒಂದು ಮುಖ್ಯ ಪಾತ್ರವಿದೆ. ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣ ಕಾಲೇಜನ್ನು ನಡೆಸುತ್ತಿದ್ದ ಮೈಕೇಲ್ ವೆಸ್ಟ್ ಎಂಬ ಆಂಗ್ಲ ಅಧಿಕಾರಿ ೧೯೨೬ರಲ್ಲಿ ಬಂಗಾಳದ ಮಕ್ಕಳ ಇಂಗ್ಲಿಷ್ ಕಲಿಕೆಯ ಬಗ್ಗೆ ಒಂದು ದೊಡ್ಡ ವರದಿಯನ್ನು ಪ್ರಕಟಿಸಿದರು. ಅವರು ಎತ್ತಿದ ಪ್ರಶ್ನೆ ವಿಮಾ ಪಾಲಿಸಿ ಇರುವ ಎಲ್ಲರಿಗೂ ಅರ್ಥವಾಗತಕ್ಕದ್ದು. ಪಾಲಿಸಿಯನ್ನು ನಡುವೆ ಕೈಬಿಟ್ಟರೆ ಕಂಪನಿ ಒಂದಿಷ್ಟು ಹಣ ಹಿಂದಕ್ಕೆ ಕೊಡುತ್ತದೆ. ಅದು 'ಸರೆಂಡರ್ ವ್ಯಾಲ್ಯೂ'. ಬಡತನದಿಂದಲೋ ಇನ್ನೊಂದರಿಂದಲೋ ಶಾಲೆಯನ್ನು ನಡುವೆ ಬಿಟ್ಟ ಹುಡುಗನಿಗೆ ಅಷ್ಟು ವರ್ಷದ ಇಂಗ್ಲಿಷಿನಿಂದ ಹಿಂದಕ್ಕೆ ಏನು ದೊರೆಯಿತು? ವ್ಯಾಕರಣದ ನಾಲ್ಕು ಸೂತ್ರ, ಅರ್ಧ ಮಾತು. ಒಂದು ಪುಸ್ತಕವನ್ನು ತಾನಾಗಿ ಓದಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಮೊದಲು ಓದನ್ನು ಕಲಿಸಿ ಎಂದರು ವೆಸ್ಟ್. ಹೊಸ ಪದಗಳನ್ನು ಒತ್ತೊತ್ತಾಗಿ ತುಂಬದೆ ವಿರಳವಾಗಿ ಚೆಲ್ಲಿದ ವಾಚಿಕೆಗಳನ್ನು ತಾವೇ ಬರೆದರು. ಮಗುವಿನ ಕಣ್ಣು ಹೆಜ್ಜೆ ಹೆಜ್ಜೆಗೂ ಮುಗ್ಗರಿಸದಿದ್ದರೆ ತಾನೆ ಓಡುವ ಮಾತು.

ನಮ್ಮ ಕಡೆಯ ಶಾಲೆಗಳಲ್ಲಿ ಇದೇ ಧೋರಣೆಯ ಒಂದು ಕೂಸು 'ನಾನ್‌ಡಿಟೇಲ್'. ಅಕ್ಷರ ಬಿಡದೆ ಪಾಠ ಹೇಳುವ ಪುಸ್ತಕ ಒಂದು. ಸುಮ್ಮನೆ ಸರಾಗವಾಗಿ ಓದಿಕೊಂಡು ಹೋಗಲು ಇನ್ನೊಂದು. ಎಷ್ಟು ಒಳ್ಳೆಯ ಆಲೋಚನೆ! ನಾವು ಅದಕ್ಕೂ ಪ್ರಶ್ನೋತ್ತರ ಬರೆಸಿದೆವು, ಸಂದರ್ಭಸಹಿತ ಸ್ವಾರಸ್ಯ ವಿವರಿಸಿ ಎಂದೆವು, ಗೈಡುಗಳು ಬಂದುವು, ಕಣ್ಣಾಡಿಸಬೇಕಾಗಿದ್ದ ಪುಸ್ತಕ ಉರುಹೊಡೆಯುವ ಪುಸ್ತಕವಾಯಿತು. ಈಗಿನ ಕನ್ನಡ ಪಠ್ಯಗಳಲ್ಲಿ ಆ ಸ್ಥಾನದಲ್ಲಿ 'ಪಠ್ಯಪೋಷಕ ಅಧ್ಯಯನ'ವಿದೆ. ಹೆಸರು ಗಂಭೀರವಾಗಿದೆ.

ವೇಗದ ಹುಚ್ಚು ನೆತ್ತಿಗೇರಿದ್ದು ಅಮೆರಿಕದಲ್ಲಿ. ಯೂಟಾ ಪ್ರಾಂತದ ಶಾಲಾ ಉಪಾಧ್ಯಾಯಿನಿ ಇವೆಲಿನ್ ವುಡ್ ೧೯೫೯ರಲ್ಲಿ 'ರೀಡಿಂಗ್ ಡೈನಮಿಕ್ಸ್' ಎಂಬ ತರಬೇತಿಯನ್ನು ಆರಂಭಿಸಿದರು. ಪುಟದ ಮೇಲೆ ಕೈಯನ್ನು ಸರಸರನೆ ಇಳಿಸುತ್ತ, ನಿಮಿಷಕ್ಕೆ ಸಾವಿರಾರು ಪದ ಓದಬಹುದೆಂದು ಪ್ರಚಾರವಾಯಿತು. ಅಧ್ಯಕ್ಷರ ಕಛೇರಿಯವರೂ ಕಲಿತರು. ಪಿಟ್ಸ್‌ಬರ್ಗಿನ ಜಸ್ಟ್ ಮತ್ತು ಕಾರ್ಪೆಂಟರ್ ಎಂಬ ವಿಜ್ಞಾನಿಗಳು ಇಂಥವರ ಕಣ್ಣಿನ ಚಲನೆಯನ್ನು ಅಳೆದು ೧೯೮೭ರ ತಮ್ಮ ಗ್ರಂಥದಲ್ಲಿ ವಿವರಿಸಿದರು: ತರಬೇತಿಯಾದವರು ಮಾಡುತ್ತಿದ್ದುದು ಕಣ್ಣಾಡಿಸುವುದನ್ನೇ. ಸುಲಭವಾದ ಬರಹದ ಸಾರಾಂಶ ಅವರಿಗೆ ತಿಳಿಯುತ್ತಿತ್ತು. ಕಣ್ಣು ನಿಲ್ಲದ ಕಡೆಯ ವಿವರ ತಿಳಿಯುತ್ತಿರಲಿಲ್ಲ. ೧೯೮೮ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪ್ರಯೋಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಏಳು ಎಂಟನೆಯ ತರಗತಿಯ ೬೪ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದೆ ಬಿದ್ದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಕ್ರಿಕೆಟ್ ಗೊತ್ತಿಲ್ಲದವನಿಗೆ ಕ್ರೀಡಾಪುಟದ ಮೇಲೆ ಕಣ್ಣಾಡಿಸುವ ಉಪಾಯವನ್ನು ಎಷ್ಟು ಕಲಿಸಿದರೇನು? ಬಲ್ಲ ವಿಷಯದ ಮೇಲೆ ಮಾತ್ರ ಕಣ್ಣು ಓಡುತ್ತದೆ.

ಹುಡುಕುವ ಓದನ್ನು ಬುದ್ಧಿಯ ಕೆಲಸವನ್ನಾಗಿ ಮಾಡಿದ ಪ್ರಯತ್ನವೊಂದು ನಮ್ಮ ಬೆಂಗಳೂರಿನ ಹೆಸರಿನಲ್ಲಿಯೇ ಇದೆ. ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಜಗತ್ತಿನ ಭಾಷಾಶಿಕ್ಷಕರು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ಅಲ್ಲಿ ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ, ತರಗತಿಯ ವೇಳಾಪಟ್ಟಿ ಇಂಥವನ್ನು ಕೊಡುತ್ತಿದ್ದರು. ಕೆಲವು ತರಗತಿಗಳ ವೇಳಾಪಟ್ಟಿಯನ್ನು ನೋಡಿ ಒಬ್ಬ ಮೇಷ್ಟರ ವಾರದ ವೇಳಾಪಟ್ಟಿಯನ್ನು ತಯಾರಿಸಿ ಎಂಬುದು ಅಂಥ ಒಂದು ಲೆಕ್ಕ. ಇದರಲ್ಲಿ ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕಿ ಅದರ ಪಕ್ಕದ ವಾಕ್ಯವನ್ನು ನಕಲು ಮಾಡಿದರೆ ನಡೆಯದು. ಸಿಕ್ಕಿದ್ದನ್ನು ಇನ್ನೊಂದಕ್ಕೆ ಕೂಡಿಸಿ ಯೋಚಿಸಬೇಕು. ನನ್ನ ಮೊಮ್ಮಗಳ ಐದು ಪ್ರಶ್ನೆಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ತಪ್ಪು ಹುಡುಗಿಯದಲ್ಲ.

ಆ ದಿನ ಸಂಜೆ ಕಪಾಟಿನಿಂದ ಜೈಮಿನಿ ಭಾರತವನ್ನು ತೆಗೆದು ಅವಳ ಮುಂದಿಟ್ಟೆ. ಚಂದ್ರಹಾಸನ ಕಥೆ ಅವಳಿಗೆ ಗೊತ್ತು. ಅವಳ ಅಜ್ಜಿ ಹೇಳಿದ್ದಾಳೆ. ಮಂತ್ರಿ ದುಷ್ಟಬುದ್ಧಿ ಅವನಿಗೆ ವಿಷ ಕೊಡೆಂದು ಮಗನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸಿದ್ದು, ಉದ್ಯಾನದಲ್ಲಿ ಅವನು ಮಲಗಿದ್ದಾಗ ಮಂತ್ರಿಯ ಮಗಳು ವಿಷಯೆ ಪತ್ರವನ್ನು ಓದಿದ್ದು, ಅಕ್ಷರವನ್ನು ತಿದ್ದಿ ವಿಷವನ್ನು ವಿಷಯೆಯನ್ನಾಗಿ ಮಾಡಿದ್ದು — ಎಲ್ಲ ಗೊತ್ತು. "ಅವಳು ಪತ್ರ ತಿದ್ದೋ ಜಾಗ ಹುಡುಕು, ನೋಡೋಣ" ಎಂದೆ.

"ಇಂಡೆಕ್ಸ್ ಇಲ್ವಾ ತಾತ?"

ವಿಷಯಾನುಕ್ರಮ ತೋರಿಸಿದೆ. ಸೂಚನೆ ಎಂದರೇನೆಂದು ಹೇಳಿದೆ. ಹುಡುಗಿ ಸಂಧಿಯಿಂದ ಸಂಧಿಗೆ ಸೂಚನೆಗಳನ್ನು ನೋಡುತ್ತ ಹೋದಳು; ಹಳಗನ್ನಡದ ಮಾತು ಅರ್ಧ ಅರ್ಥವಾಗದಿದ್ದರೂ ಹೆಸರುಗಳನ್ನು ಹಿಡಿದಳು. ಮತ್ತೆ ಅದೇ ಬೆರಳು ಪದ್ಯಗಳ ಮೇಲೆ ಇಳಿಯಿತು. ಕಾಲು ಗಂಟೆಯಾಗಿರಬಹುದು. "ಸಿಕ್ತು!" ಎಂದು ಕೂಗಿ, ಪದ್ಯವನ್ನು ಓದಲು ಹೊರಟು ಮೊದಲ ಸಾಲಿನಲ್ಲಿಯೇ ಪದವನ್ನು ತಪ್ಪು ಕಡೆ ಮುರಿದಳು, ಹಿಂದಕ್ಕೆ ಬಂದಳು, ಎರಡನೆಯ ಸಲವೂ ಮುರಿದಳು. ಆಮೇಲೆ ಯಾರೂ ಹೇಳದೆಯೇ ದನಿ ತೆಗೆದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ಅಡಿಗೆಮನೆಯಿಂದ ಅವಳ ಅಜ್ಜಿ ಬಂದು ಬಾಗಿಲಲ್ಲಿ ನಿಂತಳು.